ಸಿಗರೇಟಮ್ಮನ ಕೆಮ್ಮು

ಅವತ್ತು ಬುಧವಾರ. ಬೆಳಿಗ್ಗೆ ಗಂಡ ಹಿತ್ತಲ ನಲ್ಲಿಯ ಹತ್ತಿರ ನಿಂತು ಕೆಮ್ಮುತ್ತಿದ್ದ. ಅವಳು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಕಿವಿಗೊಟ್ಟು ಕೇಳುತ್ತಿದ್ದಳು. ಬೇರೆ ಹೆಂಡತಿಯಾದರೆ ಗಾಬರಿಯಾಗುತ್ತಿದ್ದಳು. ಇವಳು ಪಾಠ ಕಲಿಯುತ್ತಿದ್ದಳು.

"ರೀ, ಮಧ್ಯದ್ದು ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಕೆಮ್ಮಿ."

"ಕೆಮ್ಮೇನು ರೇಡಿಯೋ ಹಾಡೇನೇ, ಕೇಳಿದಾಗೆಲ್ಲ ಹಾಕಕ್ಕೆ?"

"ಇವತ್ತು ಹೊಸ ಡಾಕ್ಟ್ರುಗಳು ಬರ್ತಾರೆ. ಕೆಮ್ಮು ಸಪ್ಪೆಯಾದ್ರೆ ನನ್ನ ಮರ್ಯಾದೆ ಹೋಗುತ್ತೆ."

"ಸೇದೋನು ನಾನು, ಕೆಟ್ಟಿರೋ ಗಂಟ್ಲು ನಂದು, ಮರ್ಯಾದೆ ಮಾತ್ರ ನಿಂದು!" ಎಂದ ಗಂಡ. ಅಂದರೂ ಕೆಮ್ಮಿದ. ಮೊದಲು ಬಾಗಿಲು ತಟ್ಟಿದ ಹಾಗೆ ಎರಡು ಚಿಕ್ಕದು. ಆಮೇಲೆ ಎದೆಯ ತಳದಿಂದ ಕೆರೆದು ತಂದ ಒಂದು ದೊಡ್ಡದು. ಕೊನೆಗೆ ಕೆಮ್ಮಿಗೇ ಒಂದು ಬೈಗುಳ: "ಥೂ, ಹಾಳಾಗ್ಹೋಗ್!"

ಮೇಲ್ಮನೆಯ ಕಿಟಕಿಯಲ್ಲಿ ದೀಪ ಹತ್ತಿತು.

"ಎದ್ದೆ ಅಣ್ಣಾ!" ಎಂದು ಮೇಲಿನಿಂದ ಕೂಗು ಬಂತು. ಶಾಲೆಯ ಬಸ್ಸು ಓಡಿಸುವ ಹೆಂಗಸು ಅದು. ಅವಳ ಮನೆಯಲ್ಲಿ ಅಲಾರಂ ಗಡಿಯಾರ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

"ನೋಡಿದ್ಯಾ? ನನ್ನ ಒಂದು ಕೆಮ್ಮಿಂದ ಇಬ್ಬರು ಹೆಂಗಸರ ಹೊಟ್ಟೆಪಾಡು ನಡೀತಿದೆ" ಎಂದು ಗಂಡ ಮೀಸೆ ಒರೆಸಿಕೊಂಡು ಒಳಗೆ ಬಂದ.

ಮಾತೇನೋ ನಿಜವೇ.

ಅವಳು ಓದಿದ್ದು ಅಷ್ಟಕ್ಕಷ್ಟೆ. ದೊಡ್ಡ ಆಸ್ಪತ್ರೆಯ ಪಕ್ಕದಲ್ಲಿ ಡಾಕ್ಟರುಗಳಿಗೆ ತರಬೇತಿ ಕೊಡುವ ಕಟ್ಟಡವೊಂದಿತ್ತು. ಅಲ್ಲಿ ನೆಲ ಒರೆಸಲು ಸೇರಿದ್ದಳು. ಎಲ್ಲ ಕಲಿತ ಮೇಲೆ ತಾನೆ ಡಾಕ್ಟರಾಗುವುದು, ಇನ್ನೇನು ತರಬೇತಿ ಎಂದುಕೊಂಡಿದ್ದಳು. ಹಾಗಲ್ಲವಂತೆ. ಮಹಡಿಯ ಮೇಲಿನ ಕೋಣೆಯಲ್ಲಿ, ಸಂಶೋಧನೆ ಮಾಡುವ ಡಾಕ್ಟರುಗಳಿಗೆ ಅನುದಾನದ ಅರ್ಜಿ ಬರೆಯುವುದನ್ನು ಕಲಿಸುತ್ತಿದ್ದರು. ಕೆಳಗಿನ ಕೋಣೆಯಲ್ಲಿ ರೋಗಿಗಳಿಂದ ಸಿಗರೇಟು ಬಿಡಿಸುವುದನ್ನು ಕಲಿಸುತ್ತಿದ್ದರು. ಮೇಲೆ ದುಡ್ಡು ಕೊಡಿ ಎಂದು ಕೇಳುವ ಪಾಠ, ಕೆಳಗೆ ಸಿಗರೇಟು ಬಿಡಿ ಎಂದು ಕೇಳುವ ಪಾಠ. ಎರಡು ಕಡೆಯೂ ಎದುರಿನವರು ಸುಲಭಕ್ಕೆ ಬಗ್ಗುವವರಲ್ಲ.

ಇದನ್ನು ಕೇಳಿದ ಗಂಡ, "ಮೇಲಿನ ಕೋಣೇಲಿ ವಿಚಾರ್ಸು, ನನ್ನ ಸಿಗರೇಟಿಗೂ ಏನಾದ್ರೂ ಅನುದಾನ ಸಿಗುತ್ತಾ ಅಂತ" ಎಂದಿದ್ದ.

ಕೆಳಗಿನ ಕೋಣೆಯ ಪಾಠಕ್ಕೆ ನಿಜವಾದ ರೋಗಿಯನ್ನು ಕರೆಯುವುದಿಲ್ಲ. ರೋಗಿಯ ಪಾತ್ರ ಮಾಡುವವರು ಬಂದು ಕೂರುತ್ತಾರೆ. ಡಾಕ್ಟರು ಅವರ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಒಂದು ದಿನ ಪಾತ್ರದ ಗಂಡಸು ಬರಲಿಲ್ಲ. ತರಬೇತಿಯ ಮೇಡಂ ಕೋಣೆಯಲ್ಲೆಲ್ಲ ಕಣ್ಣಾಡಿಸಿದರು. ಅಲ್ಲಿದ್ದದ್ದು ಬಕೆಟ್ಟು, ಅದರ ಹಿಂದೆ ಇವಳು.

"ಕೂತ್ಕೊಳ್ಳಿ ಅಮ್ಮ."

"ಅಯ್ಯೋ ಮೇಡಂ, ನಾನು ಸೇದಲ್ಲ."

"ಸೇದೋದು ಬೇಡ. ಸೇದೋರು ಹೇಗೆ ಸುಳ್ಳು ಹೇಳ್ತಾರೆ ಗೊತ್ತಿದ್ರೆ ಸಾಕು."

ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದಾಗಿನಿಂದ ಕೇಳಿಸಿಕೊಂಡು ಬಂದಿದ್ದಳು. ಕೂತಳು. ಗಂಡನ ಹಾಗೆ ಮೂಗು ಉಜ್ಜಿದಳು, ಗಂಡನ ಹಾಗೆ "ನಾನೇನು ಜಾಸ್ತಿ ಸೇದಲ್ಲ ಬಿಡಿ ಸರ್" ಎಂದಳು, ಗಂಡನ ಹಾಗೆ ಕೆಮ್ಮಿದಳು. ಕೊನೆಯ ಬೈಗುಳವನ್ನು ಮಾತ್ರ ನುಂಗಿಕೊಂಡಳು. ಓದಿದವರ ಮುಂದೆ ಅದೆಲ್ಲ ಚೆನ್ನಾಗಿರುವುದಿಲ್ಲ. ಎದುರು ಕೂತಿದ್ದ ಡಾಕ್ಟರು ಬೆಚ್ಚಿಬಿದ್ದು ನೀರಿನ ಲೋಟ ಮುಂದಿಟ್ಟರು. ಅವತ್ತಿನಿಂದ ಅವಳು ಸಿಗರೇಟಮ್ಮ. ನೆಲ ಒರೆಸುವ ಕೆಲಸವೇನೂ ತಪ್ಪಲಿಲ್ಲ, ಅದರ ಜೊತೆಗೆ ಇದೂ ಒಂದು. ಆದರೆ ಬಕೆಟ್ಟು ಹಿಡಿಯುವ ಕೈ ಸ್ವಲ್ಪ ದೊಡ್ಡಸ್ತಿಕೆಯಿಂದ ಹಿಡಿಯತೊಡಗಿತು.

ಆ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಪ್ಲಾಸ್ಟಿಕ್ಕಿನ ಒಂದು ಜೊತೆ ಶ್ವಾಸಕೋಶ. ಜೊತೆಯಲ್ಲಿ ಒಂದು ಕೆಂಪು, ಇನ್ನೊಂದು ಕಪ್ಪು. ಮೇಜಿನ ಮೂಲೆಯಲ್ಲಿ ಅಂಗೈಯಿಂದ ತಟ್ಟಿದರೆ ಟಿಂಗ್ ಅನ್ನುವ ಗಂಟೆ. ಅಲ್ಲಿಯ ಕಟ್ಟಳೆ ಇಷ್ಟು: ಡಾಕ್ಟರು ಹೆದರಿಸಿದರೆ, ಬೈದರೆ, ಭಾಷಣ ಮಾಡಿದರೆ ರೋಗಿ ಜಪ್ಪಯ್ಯ ಅಂದರೂ ಬಗ್ಗಬಾರದು. ಡಾಕ್ಟರು ಕುರ್ಚಿಯನ್ನು ಸ್ವಲ್ಪ ಓರೆಗೆ ಹಾಕಿಕೊಂಡು ಕೂತು, ಮುಖ ನೋಡಿ, ಕೇಳಿ, ಹೇಳಿದ್ದನ್ನು ಕಿವಿಗೆ ಹಾಕಿಕೊಂಡರೆ ಸ್ವಲ್ಪ ಸ್ವಲ್ಪವೇ ಮೆತ್ತಗಾಗಬೇಕು. ಯಾವತ್ತು ಬಿಡುತ್ತೀರಿ ಎಂದು ಕೇಳಿದರೆ ಒಂದು ದಿನ ಹೇಳಬೇಕು. ಪಾಠದಲ್ಲಿ ಬರೆದಿದ್ದ ದಿನ ಸೋಮವಾರ. "ಸೋಮವಾರದಿಂದ ಬಿಡ್ತೀನಿ" ಎಂದಕೂಡಲೇ ಮೇಡಂ ಗಂಟೆ ತಟ್ಟುತ್ತಾರೆ. ಗಂಟೆಯಾದ ಮೇಲೆ ರೋಗಿ ರೋಗಿಯಲ್ಲ. ಎದ್ದು ಬಕೆಟ್ಟು ತೆಗೆದುಕೊಳ್ಳಬಹುದು.

ಆ ಕೋಣೆಯಲ್ಲಿ ಅವಳು ಎಷ್ಟು ಸಲ ಸಿಗರೇಟು ಬಿಟ್ಟಿದ್ದಳೋ. ಹಚ್ಚದೇ ಇದ್ದ ಸಿಗರೇಟನ್ನು ಬಿಡುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಮನೆಯಲ್ಲಿ ಹಚ್ಚಿದ್ದೊಂದು ಇತ್ತಲ್ಲ, ಅದನ್ನು ಬಿಡಿಸಲು ಮಾತ್ರ ಅವಳ ಕೈಲಿ ಆಗಿರಲಿಲ್ಲ.

ಬುಧವಾರ ಬಂದವರಲ್ಲಿ ಒಬ್ಬರು ಉದ್ದನೆಯ ಡಾಕ್ಟರು. ತುರ್ತು ವಿಭಾಗದಲ್ಲಿ ಕೆಲಸ, ಬಿಡುವಿನಲ್ಲಿ ಸಂಶೋಧನೆ. ಬೆಳಿಗ್ಗೆಯೆಲ್ಲ ಮಹಡಿಯ ಮೇಲೆ ಅರ್ಜಿ ಬರೆದು ಸೋತು ಇಳಿದಿದ್ದರು. ಕಪ್ಪು ಶ್ವಾಸಕೋಶವನ್ನು ಎತ್ತಿ ಹಿಡಿದು, ತಮ್ಮ ಬೂಟನ್ನೇ ನೋಡುತ್ತ ಒಂದೇ ಉಸಿರಿಗೆ ಉಪದೇಶ ಮಾಡಿದರು. ಇವಳು ಕೆಮ್ಮಿದಳು. ಅವರು ಇನ್ನೂ ಜೋರಾಗಿ ಉಪದೇಶ ಮಾಡಿದರು. ಇವಳು ಬಗ್ಗಲಿಲ್ಲ. ಹೊತ್ತು ಮುಗಿಯಿತೆಂದು ಮೇಡಂ ಗಂಟೆ ತಟ್ಟಿ, "ಅಮ್ಮ, ಇವರಿಗೆ ಏನು ಹೇಳ್ತೀರಿ?" ಎಂದರು. ಹಾಗೆ ಕೇಳುವುದೂ ಅಲ್ಲಿನ ಪದ್ಧತಿ.

"ನನ್ನ ಮುಖ ನೋಡಿ ಮಾತಾಡಿ ಸರ್. ಬೂಟೇನು ಸಿಗರೇಟು ಸೇದುತ್ತಾ?"

ಎಲ್ಲರೂ ನಕ್ಕರು. ಉದ್ದನೆಯ ಡಾಕ್ಟರೂ ನಕ್ಕರು, ಕಿವಿ ಕೆಂಪಗೆ ಮಾಡಿಕೊಂಡು.

ಆ ಸಂಜೆ ಮನೆಗೆ ಬಂದವಳಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗಂಡ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವವನು. ಕೈ ತೊಳೆದು ಬಂದು ಕೂತಿದ್ದ. ಅವಳು ಇನ್ನೊಂದು ಕುರ್ಚಿ ಎಳೆದು ಓರೆಗೆ ಹಾಕಿ ಕೂತಳು. ಮುಖ ನೋಡಿದಳು.

"ಸಿಗರೇಟಲ್ಲಿ ನಿಮಗೆ ಏನು ಇಷ್ಟ?"

ಗಂಡ ಅವಳನ್ನು ನೋಡಿದ, ಕುರ್ಚಿಯನ್ನು ನೋಡಿದ.

"ಏನು ಡಾಕ್ಟ್ರಮ್ಮ, ಮನೆ ತನಕ ಬಂದ್ಬಿಟ್ರಿ?"

"ತಮಾಷೆ ಬೇಡ. ಹೇಳಿ."

"ಏನು ಇಷ್ಟ ಅಂದ್ರೆ..." ಅವನು ಯೋಚಿಸಿದ. "ಸೇದೋವಾಗ ಯಾರೂ ಕೆಲ್ಸ ಹೇಳಲ್ಲ ಕಣೇ. ಬಾಯಿ ಖಾಲಿ ಇದ್ರೆ, ಏಯ್ ಆ ಜಾಕು ತಗೊಂಬಾ, ಏಯ್ ಈ ಟೈರು ಉರುಳ್ಸು ಅಂತಾರೆ. ಸಿಗರೇಟು ಇದ್ರೆ, ಪಾಪ ಮುಗಿಸ್ಲಿ ಬಿಡು ಅಂತಾರೆ."

ಅವಳಿಗೆ ನಗು ಬಂತು. ಆದರೂ ಪಾಠ ಬಿಡಲಿಲ್ಲ. "ಯಾವತ್ತು ಬಿಡ್ತೀರಿ?"

ಗಂಡ ಮೂಗು ಉಜ್ಜಿದ. ಗಂಟಲು ಸರಿಮಾಡಿಕೊಂಡ. ಅವಳು ಕೋಣೆಯಲ್ಲಿ ಹೇಗೆ ಹೇಳುತ್ತಾಳೆಂದು ಮನೆಯಲ್ಲಿ ಆಡಿ ತೋರಿಸುತ್ತಿದ್ದಳಲ್ಲ, ಹಾಗೆಯೇ ದನಿ ಸಣ್ಣಗೆ ಮಾಡಿ, ಕಣ್ಣು ತೇಲಿಸಿ ಹೇಳಿದ: "ಆಯ್ತು ಡಾಕ್ಟ್ರೇ, ಸೋಮವಾರದಿಂದ ಬಿಡ್ತೀನಿ."

"ಥೂ, ನಾಟಕ!"

"ನೀನು ಆಡಿದ್ರೆ ಉದ್ಯೋಗ, ನಾನು ಆಡಿದ್ರೆ ನಾಟಕವಾ?" ಎಂದು ನೀರಿನ ಲೋಟಕ್ಕೆ ಚಮಚದಿಂದ ಟಿಂಗ್ ಅಂತ ಬಡಿದ.

ಇಬ್ಬರೂ ನಕ್ಕರು. ಊಟ ಮಾಡಿ ಮಲಗಿದರು.

ಗುರುವಾರ ಬೆಳಿಗ್ಗೆಯೂ ಅವನು ಕೆಮ್ಮಿರಬೇಕು. ಅವಳಿಗೆ ನೆನಪಿಲ್ಲ. ಅವತ್ತು ಪಾಠ ಇರಲಿಲ್ಲವಲ್ಲ, ಅವಳು ಕಿವಿಗೊಟ್ಟಿರಲಿಲ್ಲ.

ಮಧ್ಯಾಹ್ನ ಮೆಟ್ಟಿಲು ಒರೆಸುತ್ತಿದ್ದಾಗ ಕಾವಲುಗಾರ ಓಡಿ ಬಂದು, ತುರ್ತು ವಿಭಾಗದಲ್ಲಿ ಕರೆಯುತ್ತಿದ್ದಾರೆ ಎಂದ. ಅಲ್ಲಿಯೂ ಪಾಠ ಇಟ್ಟುಕೊಂಡರೇನೋ ಎಂದು ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಒಂದು ಚಿಕ್ಕ ಕೋಣೆಯಲ್ಲಿ ಕೂರಿಸಿದರು. ಎರಡು ಕುರ್ಚಿ, ನೀರಿನ ಲೋಟ. ಉದ್ದನೆಯ ಡಾಕ್ಟರು ಬಂದರು. ಕುರ್ಚಿಯನ್ನು ಓರೆಗೆ ಹಾಕಿಕೊಂಡು ಕೂತರು. ಅವಳ ಮುಖ ನೋಡಿದರು.

"ಅಮ್ಮ, ನಿಮ್ಮ ಜೊತೆ ಯಾರಾದ್ರೂ ಇದ್ದಾರಾ?"

"ಇಲ್ಲ ಸರ್."

"ಒಂದು ಕೆಟ್ಟ ಸುದ್ದಿ ಹೇಳಬೇಕಾಗಿದೆ."

ಈ ಪಾಠವೂ ಅವಳಿಗೆ ಗೊತ್ತಿತ್ತು. ಸಾವಿನ ಸುದ್ದಿ ಹೇಳುವುದನ್ನು ಕಲಿಸುವಾಗ ಹೆಂಡತಿಯ ಪಾತ್ರಕ್ಕೆ ಆಗಾಗ ಇವಳನ್ನೇ ಕೂರಿಸುತ್ತಿದ್ದರು. ಆ ಅಳುವಿನಲ್ಲಿ ಅವಳಿಗೆ ಕೆಮ್ಮಿಗಿಂತ ದೊಡ್ಡ ಹೆಸರಿತ್ತು. ನೆಲಕ್ಕೆ ಬಿದ್ದು ಹೊರಳುವಳು, ಡಾಕ್ಟರ ಕೋಟು ಹಿಡಿದು ಎಳೆಯುವಳು. ಮಹಡಿಯ ಮೇಲೆ ಅರ್ಜಿ ಬರೆಯುತ್ತಿದ್ದವರು ಪೆನ್ನು ಕೆಳಗಿಡುವರು.

ಡಾಕ್ಟರು ಹೇಳಿದರು. ಡಿಪೋದಲ್ಲಿ ಟೈರು ಎತ್ತುವಾಗ ಎದೆ ಹಿಡಿದುಕೊಂಡು ಕೂತರಂತೆ. ಇಲ್ಲಿಗೆ ತಂದರಂತೆ. ಎಲ್ಲ ಮಾಡಿದೆವು ಎಂದರು. ಉಳಿಸಲಾಗಲಿಲ್ಲ ಎಂದರು. ಸುತ್ತಿಬಳಸದೆ, ನಿಧಾನವಾಗಿ, ಅವಳ ಮುಖ ನೋಡಿಕೊಂಡೇ ಹೇಳಿದರು. ಹೇಳಿ ಸುಮ್ಮನಾದರು. ಸುಮ್ಮನಿರಬೇಕು ಎಂಬುದೂ ಪಾಠದಲ್ಲಿತ್ತು.

ಅವಳು ತಲೆಯಾಡಿಸಿದಳು.

"ಚೆನ್ನಾಗಿ ಹೇಳಿದ್ರಿ ಸರ್. ನಿನ್ನೆಗಿಂತ ಎಷ್ಟೋ ವಾಸಿ. ಬೂಟು ನೋಡ್ಲೇ ಇಲ್ಲ ನೀವು."

ಎಂದು ಹೇಳಿ ಗಂಟೆಗೆ ಕಾದಳು. ಮೇಜಿನ ಮೂಲೆ ನೋಡಿದಳು. ಅಲ್ಲಿ ಗಂಟೆ ಇರಲಿಲ್ಲ. ಮೇಡಂ ಎಲ್ಲಾದರೂ ಹಿಂದೆ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು. ಗೋಡೆ ಇತ್ತು. ಉದ್ದನೆಯ ಡಾಕ್ಟರ ಕಣ್ಣಲ್ಲಿ ನೀರಿತ್ತು. ಅಷ್ಟು ಪಾಠದಲ್ಲಿ ಇರಲಿಲ್ಲ.

ಅಷ್ಟು ಹೆಸರು ಮಾಡಿದ್ದ ಅಳು ಅವತ್ತು ಬರಲೇ ಇಲ್ಲ. ಬಿದ್ದು ಹೊರಳಲಿಲ್ಲ, ಕೋಟು ಎಳೆಯಲಿಲ್ಲ. "ಅವರ ಊಟದ ಡಬ್ಬಿ ಡಿಪೋದಲ್ಲೇ ಉಳೀತಾ?" ಎಂದು ಕೇಳಿದಳು. ಕೇಳಲು ಬೇರೆ ಮಾತು ಸಿಗಲಿಲ್ಲ ಆ ಮಹಾನಟಿಗೆ.

ನೆಂಟರಿಷ್ಟರು ಬಂದರು, ಹೋದರು. ಮಗಳು ಬಂದು ಸ್ವಲ್ಪ ದಿನ ಇದ್ದಳು. ಹೊರಡುವಾಗ, "ಅಮ್ಮ, ಇನ್ನು ಆ ಸಿಗರೇಟು ಪಾತ್ರ ಬೇಡ. ನೆಲ ಒರೆಸ್ಕೊಂಡು ತೆಪ್ಪಗಿರು" ಎಂದಳು.

ಮೇಡಂ ಕೂಡ ಅದನ್ನೇ ಹೇಳಿದರು. "ಮಂಡಿ ನೋವಿನ ಪಾತ್ರ ಕೊಡ್ತೀನಮ್ಮ. ಸಲೀಸು. ಕೂತ್ಕೊಂಡು ಅಯ್ಯೋ ಅಂದ್ರೆ ಆಯ್ತು."

"ಮಂಡಿ ನೋವು ನನಗೆ ನಿಜವಾಗ್ಲೂ ಇದೆ ಮೇಡಂ. ಅದರಲ್ಲಿ ನಟನೆ ಏನು ಬಂತು? ಸಿಗರೇಟೇ ಕೊಡಿ."

ಯಾಕೆ ಅಷ್ಟು ಹಟ ಎಂದು ಅವಳು ಮೇಡಂಗೆ ಹೇಳಲಿಲ್ಲ. ಹೇಳಿದರೆ ನಗೆಪಾಟಲು. ಗಂಡನ ಅಂಗಿಗಳನ್ನು ಡಿಪೋದವರಿಗೆ ಕೊಟ್ಟಾಗಿತ್ತು. ಫೋಟೋ ಇತ್ತು, ಅದರಲ್ಲಿ ಅವನು ಯಾರದೋ ಮದುವೆಗೆ ಬಂದವನ ಹಾಗೆ ಬಿಗಿದುಕೊಂಡು ನಿಂತಿದ್ದ. ಮೂಗು ಉಜ್ಜುವ ಅವನು, ಸುಳ್ಳು ಹೇಳುವ ಅವನು, ಕೆಮ್ಮುವ ಅವನು ಉಳಿದಿದ್ದದ್ದು ಆ ಕುರ್ಚಿಯಲ್ಲಿ ಮಾತ್ರ. ಅವಳು ಎದ್ದುಬಿಟ್ಟರೆ ಅವನೂ ಎದ್ದು ಹೋಗುತ್ತಿದ್ದ.

"ಸರಿ, ಒಂದ್ಸಲ ಮಾಡಿ ತೋರಿಸಿ" ಎಂದರು ಮೇಡಂ.

ಕೂತಳು. ಮೂಗು ಉಜ್ಜಿದಳು. ಕೆಮ್ಮಿದಳು.

ಗಂಟಲಿಗೆ ಅನ್ನದ ಅಗುಳು ಸಿಕ್ಕ ಹಾಗಾಯಿತು. ಮತ್ತೆ ಕೆಮ್ಮಿದಳು. ಶೀತ ಹಿಡಿದ ಬೆಕ್ಕಿನ ಹಾಗಾಯಿತು. ಈವರೆಗೂ ಅದು ತನ್ನ ಕೆಮ್ಮು, ತನ್ನ ವಿದ್ಯೆ ಎಂದು ಬೀಗಿದ್ದಳು. ಅಂದಂದಿನ ಕೆಮ್ಮನ್ನು ಅಂದಂದು ಬೆಳಿಗ್ಗೆ ಹಿತ್ತಲಿಂದ ಎತ್ತಿಕೊಂಡು ಬರುತ್ತಿದ್ದದ್ದು ಈಗ ತಿಳಿಯಿತು. ಅಂಗಡಿ ಮುಚ್ಚಿತ್ತು. ಇವಳ ಹತ್ತಿರ ಸರಕಿರಲಿಲ್ಲ.

ಮೇಡಂ ಪಾಪ ಒಳ್ಳೆಯವರು. "ಸೋಮವಾರ ಡಾಕ್ಟ್ರುಗಳಿಗೆ ಪರೀಕ್ಷೆ ಇದೆ. ಅಷ್ಟರಲ್ಲಿ ಬಂದ್ರೆ ನೀವೇ ಮಾಡಿ. ಇಲ್ದಿದ್ರೆ ನಾಟಕದ ಮೇಷ್ಟ್ರ ಕೈಲಿ ಮಾಡಿಸ್ತೀನಿ" ಎಂದರು.

ನಾಟಕದ ಮೇಷ್ಟ್ರು ಅಲ್ಲೇ ಮೂಲೆಯಲ್ಲಿ ಕೂತಿದ್ದರು. ನಿವೃತ್ತರು, ಮೊಣಕಾಲ ತನಕ ಶಾಲು. ಅವರೂ ಒಮ್ಮೆ ಕೆಮ್ಮಿ ತೋರಿಸಿದರು. ವೇದಿಕೆಯ ಮೇಲೆ ರಾಜ ವಿಷ ಕುಡಿದು ಸಾಯುವ ಹಾಗಿತ್ತು. ಅವಳಿಗೆ ಮೈಯೆಲ್ಲ ಉರಿಯಿತು. ತನ್ನ ಗಂಡನ ಕುರ್ಚಿಯಲ್ಲಿ ಈ ಶಾಲಿನವನು!

ಮರುದಿನ ಬೆಳಿಗ್ಗೆ ಹಿತ್ತಲ ನಲ್ಲಿಯ ಹತ್ತಿರ ನಿಂತಳು. ಅವನು ನಿಲ್ಲುತ್ತಿದ್ದ ಕಲ್ಲಿನ ಮೇಲೆಯೇ. ಕೆಮ್ಮಿದಳು. ಬೆಕ್ಕು. ಇನ್ನೊಂದು ಸಲ. ಮತ್ತೆ ಬೆಕ್ಕು. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಅಳು ಎಂದು ಯಾರಾದರೂ ತಿಳಿದಾರು ಎಂದು ಬೇಗ ಒರೆಸಿಕೊಂಡಳು.

ಮೇಲ್ಮನೆಯ ಕಿಟಕಿ ಧಡಾರನೆ ತೆರೆಯಿತು.

"ಅಕ್ಕಾ! ಏನದು? ಹುಷಾರಿಲ್ವಾ?"

"ಹುಷಾರಾಗಿದೀನಿ ಕಣೇ. ಕೆಮ್ತಾ ಇದೀನಿ."

"ಯಾಕೆ?"

"ಪರೀಕ್ಷೆಗೆ."

ಬೇರೆಯವರಾಗಿದ್ದರೆ ಕಿಟಕಿ ಮುಚ್ಚಿ ಮಗಳಿಗೆ ಫೋನು ಮಾಡುತ್ತಿದ್ದರು. ಬಸ್ಸಿನವಳು ಮೊಣಕೈ ಊರಿ ಹೊರಗೆ ಬಗ್ಗಿದಳು. ತಲೆ ಕೆದರಿತ್ತು.

"ಅಣ್ಣ ಹೋದಾಗಿಂದ ನಾನು ದಿನಾ ತಡ ಅಕ್ಕ. ಮಕ್ಕಳು ರಸ್ತೇಲಿ ನಿಂತು ನನ್ನೇ ಬೈತವೆ. ಫೋನಲ್ಲಿ ಅಲಾರಂ ಇಟ್ಟೆ. ಅದು ಹಕ್ಕಿ ಥರ ಕೂಗುತ್ತೆ, ನಾನು ಇನ್ನೂ ಹಾಯಾಗಿ ಮಲಗ್ತೀನಿ. ಕೆಮ್ಮಿ, ಇನ್ನೊಂದ್ಸಲ ಕೆಮ್ಮಿ ನೋಡಣ."

ಕೆಮ್ಮಿದಳು.

"ಊಹೂಂ. ಇದು ಅಣ್ಣಂದಲ್ಲ. ಅಣ್ಣಂದು ಮೊದಲು ಚಿಕ್ಕದು, ಚಿಕ್ಕದು. ಬಸ್ಸು ಶುರು ಆಗೋ ಹಾಗೆ. ಆಮೇಲೆ ಗೇರು ಹಾಕ್ದಂಗೆ ದೊಡ್ಡದು."

"ಅದೇ ತಾನೆ ಮಾಡ್ತಿರೋದು?"

"ಮತ್ತೆ ಬೈಗುಳ ಎಲ್ಲಿ?"

ಅವಳು ನಲ್ಲಿ ತಿರುಗಿಸಿ ಒಂದು ಗುಟುಕು ನೀರು ಕುಡಿದಳು.

"ನಾನು ಏಳ್ತಿದ್ದದ್ದೇ ಅದಕ್ಕೆ ಅಕ್ಕ. ಕೆಮ್ಮು ಕೇಳಿದ್ರೆ ಮಗ್ಗುಲು ಬದಲಾಯಿಸ್ತಿದ್ದೆ. ಬೈಗುಳ ಕೇಳಿದ್ರೆ ಎದ್ದು ಕೂರ್ತಿದ್ದೆ. ನನಗೇ ಬೈದಂಗಿರ್ತಿತ್ತು."

ಅವಳು ಆಚೆ ಈಚೆ ನೋಡಿದಳು. ಹಿತ್ತಲಲ್ಲಿ ಬಕೆಟ್ಟು ಬಿಟ್ಟರೆ ಯಾರೂ ಇರಲಿಲ್ಲ. ಎರಡು ಚಿಕ್ಕದು ಕೆಮ್ಮಿದಳು. ದೊಡ್ಡದು ತೆಗೆದಳು. ಆಮೇಲೆ ಬಾಯಿಬಿಟ್ಟು ಬೈದಳು.

"ಥೂ, ಹಾಳಾಗ್ಹೋಗ್!"

ಬೈಯಬೇಕೆಂದು ಎದೆ ಉಸಿರು ತುಂಬಿಕೊಂಡಿತ್ತು. ಆ ಉಸಿರಿಗೆ ದೊಡ್ಡ ಕೆಮ್ಮು ತಾನಾಗಿ ತಳದಿಂದ ಎದ್ದು ಬಂದಿತ್ತು. ಇಷ್ಟು ಕಾಲ ಬೈಗುಳವನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಳು, ಮರ್ಯಾದಸ್ಥೆ. ಕೆಮ್ಮಿನ ಬೇರು ಇದ್ದದ್ದು ಅಲ್ಲಿ.

ಮೇಲೆ ಬಸ್ಸಿನವಳು ಮೂಗೆಳೆದುಕೊಂಡದ್ದು ಕೇಳಿಸಿತು.

"ಅಣ್ಣ ಬಂದಂಗಾಯ್ತು" ಎಂದಳು. "ದಿನಾ ಹೀಗೇ ಕೆಮ್ಮಿ ಅಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ."

ಸೋಮವಾರ ಪರೀಕ್ಷೆ. ಹೊರಗಿಂದ ಬಂದ ಹಿರಿಯ ಡಾಕ್ಟರೊಬ್ಬರು ಗೋಡೆಯ ಪಕ್ಕ ಕೂತಿದ್ದರು. ಸಾಲಿನಲ್ಲಿ ಮೊದಲನೆಯವರೇ ಉದ್ದನೆಯ ಡಾಕ್ಟರು. ಇವಳನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಮೇಡಂ ಕಡೆ ನೋಡಿದರು. ಮೇಡಂ ಇವಳ ಕಡೆ ನೋಡಿದರು.

"ಬನ್ನಿ ಸರ್, ಕೂತ್ಕೊಳ್ಳಿ. ನಾನೇನು ಜಾಸ್ತಿ ಸೇದಲ್ಲ" ಎಂದಳು ಅವಳು.

ಅವರು ಕೂತರು. ಅವಳು ಕೆಮ್ಮಿದಳು. ಎರಡು ಚಿಕ್ಕದು, ಒಂದು ದೊಡ್ಡದು, ಆಮೇಲೆ ಆ ಮರ್ಯಾದಸ್ಥರ ಕೋಣೆಯಲ್ಲಿ ಗಟ್ಟಿಯಾಗಿ: "ಥೂ, ಹಾಳಾಗ್ಹೋಗ್!"

ಗೋಡೆಯ ಪಕ್ಕದ ಹಿರಿಯರು ಕನ್ನಡಕ ತೆಗೆದು ನೋಡಿದರು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ಉದ್ದನೆಯ ಡಾಕ್ಟರು ಶ್ವಾಸಕೋಶವನ್ನು ಮುಟ್ಟಲಿಲ್ಲ. ಕುರ್ಚಿಯನ್ನು ಓರೆಗೆ ಹಾಕಿಕೊಂಡರು.

"ಸಿಗರೇಟಲ್ಲಿ ನಿಮಗೆ ಏನು ಇಷ್ಟ?"

ಪಾಠದಲ್ಲಿ ಬರೆದಿದ್ದ ಉತ್ತರ, ಮನಸ್ಸು ಹಗುರವಾಗುತ್ತದೆ ಎಂದು. ಅವಳು ಅದನ್ನು ಹೇಳಲಿಲ್ಲ.

"ಸೇದೋವಾಗ ಯಾರೂ ಕೆಲ್ಸ ಹೇಳಲ್ಲ ಸರ್."

ಡಾಕ್ಟರು ನಗಲಿಲ್ಲ. "ಕೆಲ್ಸ ಬಹಳ ಭಾರಾನಾ?" ಎಂದರು.

"ಟೈರು ಸರ್. ಬಸ್ಸಿನ ಟೈರು."

ಅವರು ಕೇಳುತ್ತಾ ಹೋದರು, ಅವಳು ಹೇಳುತ್ತಾ ಹೋದಳು. ಅವನು ಹೇಳುತ್ತಿದ್ದ ಸುಳ್ಳನ್ನೆಲ್ಲ ಹೇಳಿದಳು, ಅವನು ಒಮ್ಮೊಮ್ಮೆ ಬಾಯಿ ತಪ್ಪಿ ಹೇಳಿದ್ದ ನಿಜವನ್ನೂ ಹೇಳಿದಳು. ಕೊನೆಗೆ ಡಾಕ್ಟರು ಸ್ವಲ್ಪ ತಡೆದರು. ಆ ಪ್ರಶ್ನೆ ಕೇಳದಿದ್ದರೆ ಅವರು ನಪಾಸು. ಕೇಳಿದರೆ ಇವಳು ಉತ್ತರ ಕೊಡಬೇಕು. ಅದು ಕಟ್ಟಳೆ.

"ಯಾವತ್ತು ಬಿಡ್ತೀರಿ?"

ಅವಳು ಮೂಗು ಉಜ್ಜಿದಳು. ದನಿ ಸಣ್ಣಗೆ ಮಾಡಬೇಕಾಗಿರಲಿಲ್ಲ, ತಾನೇ ಸಣ್ಣಗಾಗಿತ್ತು.

"ಆಯ್ತು ಡಾಕ್ಟ್ರೇ. ಸೋಮವಾರದಿಂದ ಬಿಡ್ತೀನಿ."

ಟಿಂಗ್.

ಈ ಸಲ ಗಂಟೆ ಇತ್ತು. ಅವಳು ಎದ್ದಳು. ಏಳುವಾಗ ಮೇಜಿನ ಅಂಚು ಹಿಡಿದುಕೊಂಡಳು; ಮಂಡಿ ನೋವು ಎಂದು ಎಲ್ಲರಿಗೂ ಹೇಳಿದಳು. ಡಾಕ್ಟರಿಗೆ ಏನು ಹೇಳುತ್ತೀರಿ ಎಂದು ಮೇಡಂ ಕೇಳಿದರು.

"ಪಾಸು ಮಾಡಿ ಮೇಡಂ. ಮನುಷ್ಯರ ಮುಖ ನೋಡ್ತಾರೆ ಈಗ."

ನಾಟಕದ ಮೇಷ್ಟ್ರಿಗೆ ಮಂಡಿ ನೋವಿನ ಪಾತ್ರ ಸಿಕ್ಕಿತು. ಅವರು ಅದರಲ್ಲೂ ರಾಜನ ಹಾಗೇ ನರಳುತ್ತಾರೆ.

ಅವಳು ಈಗಲೂ ಪ್ರತಿ ವಾರ ಆ ಕೋಣೆಯಲ್ಲಿ ಸಿಗರೇಟು ಬಿಡುತ್ತಾಳೆ. ಒಂದು ದಿನವೂ ಸೇದದೆ ಇಷ್ಟು ಸಲ ಬಿಟ್ಟವಳು ಬೇರೆ ಯಾರಿದ್ದಾರೆ? ಮಗಳು ಫೋನಿನಲ್ಲಿ ಬೈಯುತ್ತಾಳೆ, ಗಂಟಲು ಹಾಳಾಗುತ್ತದೆ, ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೆ ಎಂದು. ಅಕ್ಕಪಕ್ಕದವರು ಅಂದುಕೊಳ್ಳುವುದನ್ನೆಲ್ಲ ಅಂದುಕೊಂಡು ಮುಗಿಸಿದ್ದಾರೆ.

ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ನಲ್ಲಿಯ ಕೆಳಗೆ ಬಕೆಟ್ಟು ಇಟ್ಟು ತಿರುಗಿಸುತ್ತಾಳೆ. ಅದು ತುಂಬುವಷ್ಟರಲ್ಲಿ ಕಲ್ಲಿನ ಮೇಲೆ ನಿಂತು ಎರಡು ಚಿಕ್ಕದು, ಒಂದು ದೊಡ್ಡದು ಕೆಮ್ಮಿ, ಬೈಯುತ್ತಾಳೆ. ಮೇಲ್ಮನೆಯ ಕಿಟಕಿಯಲ್ಲಿ ದೀಪ ಹತ್ತುವ ತನಕ ಕತ್ತೆತ್ತಿ ನೋಡುತ್ತಾಳೆ.

"ಎದ್ದೆ ಅಕ್ಕಾ!"

ನಲ್ಲಿ ನಿಲ್ಲಿಸಿ, ಬಕೆಟ್ಟು ಎತ್ತಿಕೊಂಡು ಒಳಗೆ ಹೋಗುತ್ತಾಳೆ.